ಒಂದನೇ ನಂಬರಿನ ಪೇಷಂಟು

ನನಗೊಂದು ಚಟವಿದೆ. ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತೇನೆ. ಸರಿಯಾಗಿ ಜಗ್ಗಿದೆನೇ ಎಂದು ಇನ್ನೊಮ್ಮೆ ಜಗ್ಗುತ್ತೇನೆ. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ, ನಾನು ಟೆಸ್ಟಿಂಗ್ ಎನ್ನುತ್ತೇನೆ. ತೊಂಬತ್ತರ ದಶಕದ ಕೊನೆಗೆ ಸಿಂದಗಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತ, ಕೇಳಿದವರಿಗೆ ಪ್ರೋಗ್ರಾಂ ಬರೆದುಕೊಡುತ್ತಿದ್ದ ನನಗೆ ಅನ್ನ ಹಾಕಿದ್ದೇ ಈ ರೋಗ.

ಪ್ರೋಗ್ರಾಂ ಪರೀಕ್ಷಿಸುವ ಪದ್ಧತಿಗಳು ಹಲವು. ಎಲ್ಲ ಬರೆದು ಮುಗಿಸಿ ಕೊನೆಗೆ ಪರೀಕ್ಷಿಸುವುದು ಒಂದು. ಪಂಕ್ತಿಗೆ ಬಡಿಸಿದ ಮೇಲೆ ಸಾರಿನ ಉಪ್ಪು ನೋಡಿದಂತೆ. ನನ್ನ ಮೆಚ್ಚಿನದು ವಿ-ಮಾಡೆಲ್. ಆ ಇಂಗ್ಲಿಷ್ ಅಕ್ಷರದ ಎಡಗಡೆ ಇಳಿಯುತ್ತ ಬೇಡಿಕೆ ಕೇಳಬೇಕು, ನಕ್ಷೆ ಹಾಕಬೇಕು, ಪ್ರೋಗ್ರಾಂ ಬರೆಯಬೇಕು. ಬಲಗಡೆ ಏರುತ್ತ ಒಂದೊಂದು ಮೆಟ್ಟಿಲಿಗೂ ಅದರದೇ ಪರೀಕ್ಷೆ. ತುತ್ತತುದಿಯಲ್ಲಿ ಬಳಸುವವರ ಒಪ್ಪಿಗೆ.

ನಮ್ಮೂರ ಡಾಕ್ಟರೊಬ್ಬರು ದವಾಖಾನೆಗೆ ಬಂದವರಿಗೆ ನಂಬರು ಕೊಟ್ಟು ಪಾಳಿ ಹಚ್ಚುವ ಪ್ರೋಗ್ರಾಂ ನನ್ನಿಂದ ಬರೆಸಿದರು. ಜೀಪಿನಲ್ಲಿ ಬಂದವರು ಸೀದಾ ಒಳಗೆ ಹೋಗುತ್ತಿದ್ದರು, ಬಸ್ಸಿಳಿದು ಬಂದವರು ಸಂಜೆತನಕ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅದು ಡಾಕ್ಟರಿಗೂ ಸಾಕುಸಾಕಾಗಿತ್ತು. ನಾನು ಮನೆಯಲ್ಲೇ ಡಾಕ್ಟರೂ ಆಗಿ, ರೋಗಿಯೂ ಆಗಿ, ಎಲ್ಲ ಮೆಟ್ಟಿಲು ಪರೀಕ್ಷಿಸಿದೆ. ಒಳಗಿನವರ ತಪಾಸಣೆ ದಾಖಲಾಗದೆ ಮುಂದಿನ ನಂಬರನ್ನು ಕರೆಯಲೇಬಾರದು, ಅಷ್ಟು ಬಿಗಿ.

ಮೊದಲ ದಿನ ಪೂಜೆಯಾಯಿತು, ಕಾಯಿ ಒಡೆದದ್ದೂ ಆಯಿತು. ಎರಡನೇ ನಂಬರು ಕನ್ನೊಳ್ಳಿಯ ನೀಲವ್ವನದು. ಮಡಿಲಲ್ಲಿ ಜ್ವರದ ಕೂಸು. ಗಂಟೆಯಾದರೂ ಕಂಪ್ಯೂಟರು ಆಕೆಯನ್ನು ಕರೆಯಲೊಲ್ಲದು.

"ನನ್ನ ಪಾಳಿ ಯಾವಾಗ ಬರತೈತ್ರಿ ಯಪ್ಪಾ? ಕೂಸಿನ ಮೈ ಸುಡಾಕತ್ತೈತಿ," ಎಂದಳು. ನಾನು ಕೀಲಿಗಳನ್ನು ಮತ್ತೆ ಮತ್ತೆ ಒತ್ತಿದೆ, ಪರದೆ ಬದಲಾಗಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ನಂಬರು ಕೊಡುತ್ತಿದ್ದ ಕಂಪೌಂಡರ್ ಗುರಪ್ಪ ಎದ್ದು ನಿಂತ. "ಬರ್ರಿ ಗೌಡ್ರ, ನೀವು ಒಳಗ ಹೋಗ್ರಿ. ಇದು ಕೆಟ್ಟೈತಿ."

"ಕೆಟ್ಟಿಲ್ಲ! ಒಳಗ ಪೇಷಂಟ್ ಅದಾರ!" ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಇಂದು ಗೌಡರು ಒಳಹೊಕ್ಕರೆ ನಾಳೆಯಿಂದ ಮತ್ತೆ ಹಳೆಯ ಆಟವೇ. ಆದರೆ ಇಣುಕಿದರೆ ಒಳಗೆ ಡಾಕ್ಟರು ಒಬ್ಬರೇ ಕೂತಿದ್ದರು.

"ಒಂದನೇ ನಂಬರ್ ಯಾರಿಗೆ ಕೊಟ್ಟಿ, ಗುರಪ್ಪಾ?" ಎಂದು ಕೇಳಿದೆ.

"ದೇವರಿಗ್ರಿ. ಮೊದಲನೇದು ಮನುಷ್ಯಾರಿಗೆ ಹೆಂಗ ಕೊಡೂದ್ರಿ?"

ಹೌದಲ್ಲ! ನಮ್ಮಲ್ಲಿ ಹೊಸದೇನು ಶುರುವಾದರೂ ಮೊದಲ ಪಾಲು ದೇವರಿಗೆ. ಹುಟ್ಟಿದಾಗಿನಿಂದ ನೋಡಿದ್ದು, ನನ್ನ ಪರೀಕ್ಷೆಯಲ್ಲಿ ಮಾತ್ರ ಬಂದಿರಲಿಲ್ಲ. ದೇವರು ತಪಾಸಣೆ ಮುಗಿಸಿ ಹೊರಬರುವತನಕ ನನ್ನ ಪ್ರೋಗ್ರಾಂ ಶಿಸ್ತಾಗಿ ಕಾಯುತ್ತಿತ್ತು.

"ದೇವರಿಗೆ ಏನಾಗೇತಿ ಅಂತ ಬರೀಲೋ ಮಾರಾಯಾ?" ಎಂದರು ಡಾಕ್ಟರು.

"ಆರಾಮ ಅದಾನ ಅಂತ ಬರೀರಿ, ಸರ್," ಎಂದೆ.

"ವಯಸ್ಸೂ ಕೇಳಾಕತ್ತೈತಿ."

ವಯಸ್ಸಿಗೆ ನಾನು ಎರಡೇ ಅಂಕಿಯ ಜಾಗ ಬಿಟ್ಟಿದ್ದೆ. ತೊಂಬತ್ತೊಂಬತ್ತು ಎಂದು ಒತ್ತಿದೆವು. ಪರದೆ ಮಿಣುಕಿ ಎರಡನೇ ನಂಬರನ್ನು ಕರೆಯಿತು. ನೀಲವ್ವ ರೂಢಿಯಂತೆ ಗೌಡರ ಮುಖ ನೋಡಿದಳು. ಗೌಡರು ನನ್ನ ಮುಖ ನೋಡಿದರು. ನಾನು ಪರದೆ ನೋಡಿದೆ. ಆಕೆ ಕೂಸನ್ನೆತ್ತಿಕೊಂಡು ಒಳಗೆ ನಡೆದಳು, ಗೌಡರು ಕಟ್ಟೆಯ ಮೇಲೆ ಕೂತರು. ನನಗಾದ ಸಂತೋಷ ಹೇಳತೀರದು.

ಮುಂದೆ ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ದವಾಖಾನೆಗಳಿಗೂ ಅದೇ ಪ್ರೋಗ್ರಾಂ ಹಾಕಿಕೊಟ್ಟೆ. ಎಲ್ಲ ಕಡೆ ಮೊದಲ ನಂಬರು ದೇವರದೇ. ಬಂದ ಕೂಡಲೇ ಎದ್ದು ಹಿಂದಿನವರಿಗೆ ಜಾಗ ಬಿಡಲು ದೇವರಿಗೆ ಕಲಿಸಿದ್ದೇನೆ. ಅದಕ್ಕೆ ಎರಡು ಸಾಲು ಪ್ರೋಗ್ರಾಂ ಸಾಕಾಯಿತು. ಗೌಡರಿಗೆ ಅಷ್ಟು ಕಲಿಸಲು ಮಾತ್ರ ದೇವರೇ ಪಾಳಿಯಲ್ಲಿ ನಿಲ್ಲಬೇಕಾಯಿತು.