ಕಾಡಿನ ಕಡೆ ವಾಲುವ ಕಾರು

ಚೆಕ್ ದೇಶದ ಹುಂಪೋಲೆಟ್ಸ್ ಊರಿನ ಓತಾಕರ್ ವೊಂದ್ರಾಕನನ್ನು ಬುದ್ಧಿವಂತನೆಂದು ಮೊದಲು ಕರೆದವನು ಓತಾಕರ್ ವೊಂದ್ರಾಕನೇ. ಹಾಗೆ ಕರೆಯುವ ಎರಡನೆಯವನು ಇನ್ನೂ ಹುಟ್ಟಿಲ್ಲ ಎಂದು ಹೇಳಿಕೊಂಡು ನಗುತ್ತಿದ್ದವನೂ ಅವನೇ. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ರಿಪೇರಿ ಮಾಡುವುದು ಅವನ ಉದ್ಯೋಗ. ಲಿಫ್ಟು ಸಾಧು ಪ್ರಾಣಿ, ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಅದಕ್ಕೆ ಕಿಟಕಿಯಿಲ್ಲ, ಹಾಗಾಗಿ ಆಚೀಚೆ ನೋಡುವ ಚಪಲವೂ ಇಲ್ಲ. ಆ ಚಪಲವೆಲ್ಲ ಅದನ್ನು ರಿಪೇರಿ ಮಾಡುವವನ ಪಾಲಿಗೆ ಬಂದಿತ್ತು.

ಕೈ ಸುಮ್ಮನಿರದ ಮನುಷ್ಯ. ಕೆಟ್ಟದ್ದನ್ನು ಸರಿಮಾಡುತ್ತಿದ್ದ, ಸರಿಯಿದ್ದದ್ದನ್ನು ಇನ್ನಷ್ಟು ಸರಿಮಾಡಲು ಹೋಗಿ ಕೆಡಿಸುತ್ತಿದ್ದ. ಚೆಕ್ಕರ ಮಾತಿನಲ್ಲಿ ಇಂಥವನಿಗೆ ಕುತಿಲ್ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಕುಟಿಲ ಎಂದು ಕೇಳಿಸಿದರೆ ಅವನ ಹೆಂಡತಿ ಬ್ಲಾಂಕಾಳ ಕಡೆಯಿಂದ ಏನೂ ತಕರಾರಿಲ್ಲ. ಅವನು ಉತ್ತಮಪಡಿಸಿದ ಇಸ್ತ್ರಿಪೆಟ್ಟಿಗೆಯನ್ನು ಹಚ್ಚಿದರೆ ಅಡುಗೆಮನೆಯ ದೀಪ ಆರುತ್ತಿತ್ತು. ಅವಳು ಜಗಳವಾಡದೆ ಬಟ್ಟೆಗಳಿಗೆ ಹಗಲಿನಲ್ಲೇ ಇಸ್ತ್ರಿ ಹಾಕಲು ಕಲಿತಿದ್ದಳು.

ಶುಕ್ರವಾರ ಬಂತೆಂದರೆ ಇಬ್ಬರೂ ತಮ್ಮ ಹಳೆಯ ಸ್ಕೋಡಾದಲ್ಲಿ ಝೆಲಿವ್ ಹತ್ತಿರ ಕಾಡಿನ ಅಂಚಿಗಿದ್ದ ತಮ್ಮ ಪುಟ್ಟ ಮರದ ಮನೆಗೆ ಹೋಗುತ್ತಿದ್ದರು. ಅಲ್ಲಿ ಸೌದೆ ಒಡೆಯುವುದು, ಬಿಯರ್ ಕುಡಿಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಅಣಬೆ ಹುಡುಕುವುದು. ಅಣಬೆಯ ವಿಷಯದಲ್ಲಿ ಆ ಜನ ಒಡಹುಟ್ಟಿದವರಿಗೂ ನಿಜ ಹೇಳುವುದಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಕಾಡಿನಲ್ಲಿ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಗಂಡಹೆಂಡತಿಯ ನಡುವೆಯೂ ಇದೇ ಕಾನೂನು. ಓತಾಕರ್ ಬೆಳಗಿನಿಂದ ಮುಳ್ಳಿನಲ್ಲಿ ನುಗ್ಗಿ ನುಗ್ಗಿ ಅರ್ಧ ಬುಟ್ಟಿ ತರುತ್ತಿದ್ದ. ಬ್ಲಾಂಕಾ ಊಟದ ತಟ್ಟೆ ತೊಳೆದಿಟ್ಟು, ಕಾಲಾಡಿಸಿಕೊಂಡು ಬರ್ತೀನಿ ಎಂದು ಹೋಗಿ ಬುಟ್ಟಿ ತುಂಬ ತರುತ್ತಿದ್ದಳು.

"ನಿನ್ನ ಜಾಗ ಯಾವುದೇ?" ಎಂದು ಅವನು ವರ್ಷವರ್ಷವೂ ಕೇಳುವುದು.

"ನನ್ನ ಜಾಗ ನನಗಿರಲಿ ಬಿಡೋ ಮಾರಾಯ," ಎಂದು ಅವಳು ವರ್ಷವರ್ಷವೂ ಹೇಳುವುದು.

ಒಮ್ಮೆ ಅವನು ಕದ್ದು ಹಿಂಬಾಲಿಸಿದ. ಅವಳು ಹಿಂತಿರುಗಿ ನೋಡದೆ ಇಡೀ ಕಾಡು ಸುತ್ತಿಸಿ, ಸೀದಾ ಬಿಯರ್ ಅಂಗಡಿಯ ಬಾಗಿಲಿಗೆ ತಂದು ನಿಲ್ಲಿಸಿದಳು. ಬಂದಿದ್ದು ಬಂದೆ, ಎರಡು ತಗೋ ಅಂದಳು.

ಹೀಗಿದ್ದ ಸಂಸಾರದಲ್ಲಿ ಆ ಸೆಪ್ಟೆಂಬರ್ ಬಂತು. ಮಳೆ ಹುಯ್ದು ಬಿಸಿಲು ಹೊಡೆದಿತ್ತು. ಅಂಥ ದಿನ ಆ ಸೀಮೆಯಲ್ಲಿ ಕಾರು ಓಡಿಸುವ ಯಾರ ಕಣ್ಣೂ ಪೂರ್ತಿ ರಸ್ತೆಯ ಮೇಲಿರುವುದಿಲ್ಲ. ಅಲ್ಲಿ ಕಾರು ರಸ್ತೆಯ ಬಲಕ್ಕೆ ಓಡುತ್ತದೆ, ಸ್ಟೀರಿಂಗ್ ಎಡಕ್ಕಿರುತ್ತದೆ. ಬಲಗಡೆ ಮರದ ಬುಡದಲ್ಲಿ ಓತಾಕರನಿಗೆ ಒಂದು ಹ್ರಿಬ್ ಕಂಡಿತು. ಹ್ರಿಬ್ ಅಂದರೆ ಅಣಬೆಗಳ ರಾಜ, ದಪ್ಪ ಬಿಳಿ ಕಾಲು, ಹದವಾಗಿ ಬೆಂದ ಬನ್ನಿನ ಬಣ್ಣದ ಟೋಪಿ. ಅವನು ನೋಡಿದ. ಕೈ ಕಣ್ಣಿನ ಹಿಂದೆ ಹೋಯಿತು, ಕಾರು ಕೈಯ ಹಿಂದೆ ಹೋಯಿತು, ಮೂತಿ ಕೆಳಗೆ ಮಾಡಿಕೊಂಡು ಚರಂಡಿಯ ತುರಿಕೆಸೊಪ್ಪಿನಲ್ಲಿ ನಿಂತಿತು.

ಇಷ್ಟೇ ಆಗಿದ್ದರೆ ಬ್ಲಾಂಕಾ ಕ್ಷಮಿಸುತ್ತಿದ್ದಳು. ಆದರೆ ಓತಾಕರ್ ಬಾಗಿಲು ತೆಗೆದು, ಜೇಬಿನಿಂದ ಚಾಕು ತೆಗೆದು, ನೇರ ಮರದ ಬುಡಕ್ಕೆ ಓಡಿದ.

"ಓತಾ!"

"ಬಂದೆ ಬಂದೆ! ಇದೊಂದು ಕೊಯ್ದುಬಿಡ್ತೀನಿ, ಹಿಂದೆ ಬರೋರು ನೋಡಿಬಿಟ್ರೆ ಹೋಯ್ತು!"

ಅಣಬೆಯನ್ನು ಕೊಯ್ದು, ಸೀಳಿ ನೋಡಿ, ಆಮೇಲೆ ಕಾರಿನ ಹತ್ತಿರ ಬಂದು ಕಿಟಕಿಯಲ್ಲಿ ಬಗ್ಗಿ ಕೇಳಿದ: "ನಿನಗೇನೂ ಆಗಿಲ್ಲ ತಾನೇ?"

ಅವಳ ಮಡಿಲ ತುಂಬ ಫ್ಲಾಸ್ಕಿನ ಕಾಫಿ ಚೆಲ್ಲಿತ್ತು. ಅವಳು ಅವನ ಕೈ ಕಡೆ ನೋಡಿದಳು.

"ಹುಳ ಬಿದ್ದಿದೆಯಾ?"

"ಹ್ಞೂ, ಪೂರ್ತಿ."

"ಒಳ್ಳೇದಾಯ್ತು," ಅಂದಳು. ಚೀಲ ಎತ್ತಿಕೊಂಡು ಇಳಿದಳು. "ನೀನು ರಸ್ತೆ ನೋಡೋನೋ ಕಾಡು ನೋಡೋನೋ, ಮೊದಲು ತೀರ್ಮಾನ ಮಾಡ್ಕೋ. ಅಲ್ಲೀವರೆಗೂ ನಿನ್ನ ಪಕ್ಕ ನಾನು ಕೂರಲ್ಲ." ಅಲ್ಲಿಂದ ನಡೆದೇ ಬಸ್ ನಿಲ್ದಾಣಕ್ಕೆ ಹೋದಳು.

ಆಡಿದ ಮಾತಿಗೆ ತಪ್ಪುವವಳಲ್ಲ. ಪ್ರತಿ ಶುಕ್ರವಾರ ಅವಳು ಬಸ್ಸಿನಲ್ಲಿ, ಅವನು ಕಾರಿನಲ್ಲಿ. ಬಸ್ಸಿನ ಹಿಂದೆ ಕಾರು ಓಡಿಸುತ್ತ, ಅದರ ಹಿಂದಿನ ಗಾಜಿನಲ್ಲಿ ಅವನು ಹೆಂಡತಿಯ ಟೋಪಿ ಹುಡುಕುತ್ತಿದ್ದ. ಪಕ್ಕದ ಸೀಟಿನ ಮೇಲೆ ಆಲೂಗಡ್ಡೆ ಚೀಲ ಇಟ್ಟುಕೊಂಡ. ಆಲೂಗಡ್ಡೆ ಬಯ್ಯುವುದಿಲ್ಲ, ಸೇಬು ಹೆಚ್ಚಿ ಕೈಗೆ ಕೊಡುವುದೂ ಇಲ್ಲ. ಅವಳಿಲ್ಲದೆ ಅವನಿಗೆ ಆ ದಾರಿಯೇ ಬೇಡವಾಗಿತ್ತು.

ಬೇರೆ ಗಂಡಸಾಗಿದ್ದರೆ ತಪ್ಪಾಯ್ತು ಕಣೇ ಎಂದು ಒಂದು ಮಾತು ಹೇಳಿ ಮುಗಿಸುತ್ತಿದ್ದ. ಓತಾಕರನಿಗೆ ಅಷ್ಟು ಸುಲಭದ ದಾರಿ ಹೊಳೆಯುವುದುಂಟೇ? ಅವಳು ಕೇಳಿದ್ದು ರಸ್ತೆಯೋ ಕಾಡೋ ಎಂದು. ರಸ್ತೆಯನ್ನು ಕಾರೇ ನೋಡಿಕೊಂಡರೆ ಕಾಡನ್ನು ತಾನು ನೋಡಬಹುದಲ್ಲ ಎಂಬ ಹುಳ ಅವನ ತಲೆಗೆ ಹೊಕ್ಕಿತು. ಹೊಸ ಕಾರುಗಳು ಗೆರೆ ದಾಟಿದರೆ ತಾವೇ ಸ್ಟೀರಿಂಗ್ ತಿರುಗಿಸುತ್ತವೆ, ಎದುರಿಗೇನಾದರೂ ಬಂದರೆ ತಾವೇ ಬ್ರೇಕ್ ಒತ್ತುತ್ತವೆ. ಹಳೆಯ ಕಾರಿಗೂ ಅವನ್ನು ಕೂರಿಸಬಹುದು, ಸಾಮಾನು ಸಿಗಬೇಕು, ತಾಳ್ಮೆ ಇರಬೇಕು, ಮರ್ಯಾದೆ ಬಿಟ್ಟಿರಬೇಕು. ಮೂರನೆಯದು ಅವನಲ್ಲಿ ಧಾರಾಳವಾಗಿತ್ತು.

ಜರ್ಮನಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡು ಗುಜರಿಗೆ ಬಿದ್ದ ಇಂಥದೇ ಒಂದು ಕಾರಿನಿಂದ ಕ್ಯಾಮೆರಾ ಬಂತು, ರಾಡಾರ್ ಬಂತು, ಕ್ಯಾಮೆರಾ ಕೂರಿಸಲು ಜಾಗವಿದ್ದ ಮುಂದಿನ ಗಾಜು ಬಂತು. ಚಳಿಗಾಲವಿಡೀ ಅವನು ಗ್ಯಾರೇಜಿನಲ್ಲಿ ಸೀಟು ಕಳಚಿ, ಕಾರ್ಪೆಟ್ ಎತ್ತಿ, ವೈರು ಎಳೆದ. ಬಂಪರಿಗೆ ತೂತು ಕೊರೆದ. ಒಂದು ತೂತು ತಪ್ಪು ಜಾಗಕ್ಕೆ ಬಿದ್ದು, ಅದಕ್ಕೆ ಬಾಟಲಿಯ ಬಿರಡೆ ತುರುಕಿ ಬಣ್ಣ ಬಳಿದ. ಪಕ್ಕದ ಗ್ಯಾರೇಜಿನ ರಾದಿಮ್ ಲ್ಯಾಪ್‌ಟಾಪ್ ಚುಚ್ಚಿ, ನಿನಗೆ ಹೊಸ ಕಣ್ಣು ಬಂದಿದೆ ಎಂದು ಕಾರಿಗೆ ತಿಳಿಹೇಳುವ ಕೆಲಸ ಮಾಡಿದ.

"ಅಲ್ಲ ಗುರುವೇ," ಅಂದ ರಾದಿಮ್, "ಇಷ್ಟೆಲ್ಲ ಒದ್ದಾಡೋ ಬದಲು ಹೆಂಡ್ತಿ ಹತ್ರ ಕ್ಷಮೆ ಕೇಳಿಬಿಡಬಾರದಾ?"

"ಕ್ಷಮೆಗೆ ವೈರಿಂಗ್ ನಕ್ಷೆ ಎಲ್ಲಿ ಸಿಗುತ್ತೆ ಹೇಳು, ಕೂರಿಸೋಣ."

ಆಗಸ್ಟ್ ಬರುವ ಹೊತ್ತಿಗೆ ಒಂದು ಕೆಲಸವಷ್ಟೇ ಉಳಿಯಿತು. ಕ್ಯಾಮೆರಾಕ್ಕೆ ನೇರ ಯಾವುದು ಎಂದು ಕಲಿಸಬೇಕು. ಅದಕ್ಕೆ ಮಟ್ಟಸವಾದ ನೆಲದ ಮೇಲೆ ಕಾರು ನಿಲ್ಲಿಸಿ, ಕಪ್ಪು ಬಿಳಿ ಗುರುತಿನ ಹಲಗೆಯೊಂದನ್ನು ಮೂತಿಯ ನಟ್ಟನಡುವಿಗೆ ಎದುರಾಗಿ ಇಡಬೇಕು. ಇದನ್ನು ವರ್ಕ್‌ಶಾಪಿಗೆ ತಗೊಂಡು ಹೋಗೋ, ಕೂದಲೆಳೆ ತಪ್ಪಿದರೂ ಕಷ್ಟ ಅಂದ ರಾದಿಮ್. ಇಷ್ಟು ವರ್ಷ ಲಿಫ್ಟುಗಳನ್ನು ನೇರ ನಿಲ್ಲಿಸಿದವನಿಗೆ ನೇರ ಯಾವುದೆಂದು ವರ್ಕ್‌ಶಾಪಿನವನು ಹೇಳಿಕೊಡಬೇಕೇ ಎಂದು ಓತಾಕರ್ ಮೂಗು ಮುರಿದ. ಹಳೆಯ ಬೀರುವಿನ ಬಾಗಿಲಿಗೆ ತಾನೇ ಕಪ್ಪು ಬಿಳಿ ಬಳಿದ. ಗ್ಯಾರೇಜಿನ ಗೋಡೆಯಲ್ಲಿ ಹೇಗೂ ಒಂದು ಗಟ್ಟಿ ಮೊಳೆಯಿತ್ತು, ಅದಕ್ಕೇ ನೇತುಹಾಕಿದ. ಕ್ಯಾಮೆರಾ ಕಣ್ಣು ಬಿಟ್ಟು ನೋಡಿತು, ಇದೇ ನೇರ ಎಂದು ನಂಬಿತು.

ಆಗಸ್ಟಿನ ಒಂದು ಶುಕ್ರವಾರ, ಮಳೆ ನಿಂತ ಮಾರನೆಯ ದಿನ, ಅವನು ಕಾರು ತೊಳೆದು, ಶರ್ಟು ಬದಲಾಯಿಸಿ, ಬಸ್ ನಿಲ್ದಾಣದಲ್ಲಿದ್ದ ಹೆಂಡತಿಯ ಮುಂದೆ ತಂದು ನಿಲ್ಲಿಸಿದ.

"ಇನ್ಮೇಲೆ ರಸ್ತೆ ಇದು ನೋಡುತ್ತೆ. ಒಂದು ಸಲ ಕೂತು ನೋಡೇ."

ಬ್ಲಾಂಕಾ ಕಾರನ್ನು ನೋಡಿದಳು, ಬಂಪರಿನ ಬಿರಡೆಯನ್ನು ನೋಡಿದಳು, ಗಂಡನ ಇಸ್ತ್ರಿ ಮಾಡಿದ ಶರ್ಟನ್ನು ನೋಡಿದಳು. ಅವನೇ ಇಸ್ತ್ರಿ ಮಾಡಿದ್ದೆಂದು ಕಾಲರಿನ ಸುಟ್ಟ ಗುರುತಿನಿಂದಲೇ ಗೊತ್ತಾಗುತ್ತಿತ್ತು. "ಇದೊಂದೇ ಸಲ," ಎಂದು ಹತ್ತಿದಳು. ಆಲೂಗಡ್ಡೆ ಹಿಂದಕ್ಕೆ ಹೋಯಿತು.

ಊರು ದಾಟುವಷ್ಟರಲ್ಲಿ ಕಾರು ಪೊದೆಗೆ ಕೂಗಿತು, ಸೈಕಲ್ಲಿಗೆ ಕೂಗಿತು, ತನ್ನ ಪಾಡಿಗೆ ನಿಂತಿದ್ದ ಅಂಚೆಪೆಟ್ಟಿಗೆಗೂ ಕೂಗಿತು. ಎಚ್ಚರಿಕೆಗಳೆಲ್ಲ ಜರ್ಮನ್ ಭಾಷೆಯಲ್ಲಿ ಬರುತ್ತಿದ್ದವು. ಬಯ್ಗುಳ ಹಾಗೆ ಕೇಳುತ್ತಲ್ಲೋ ಅಂದಳು ಬ್ಲಾಂಕಾ. ಅಷ್ಟರಲ್ಲಿ ಎದುರಿನ ಪರದೆಯ ಮೇಲೆ ಒಂದು ಕಾಫಿ ಬಟ್ಟಲಿನ ಚಿತ್ರ ಮೂಡಿತು.

"ಇದೇನಿದು?"

"ಓಡಿಸೋನಿಗೆ ತೂಕಡಿಕೆ ಬರ್ತಿದೆ, ನಿಲ್ಸಿ ಕಾಫಿ ಕುಡೀಲಿ ಅಂತ."

"ಮನೆ ಬಿಟ್ಟು ಇನ್ನೂ ಚರ್ಚು ದಾಟಿಲ್ಲ!"

"ನನ್ನ ಮುಖ ನೋಡಿ ಹೇಳ್ತಿರಬೇಕು," ಅಂದ ಓತಾಕರ್. ಆದರೆ ನಗು ಬರಲಿಲ್ಲ. ಅವನ ಕೈ ಸುಮ್ಮನಿರಲಿಲ್ಲ. ಕಾರು ಮೆಲ್ಲಗೆ, ಬಿಡದೆ, ಬಲಕ್ಕೆ ಎಳೆಯುತ್ತಿತ್ತು. ಅವನು ಎಡಕ್ಕೆ ತಂದರೆ ಅದು ಮತ್ತೆ ಬಲಕ್ಕೆ. ಈ ಎಳೆದಾಟವನ್ನೇ ಅದು ತೂಕಡಿಕೆ ಎಂದು ತಿಳಿದಿತ್ತು. ಕಾಡು ಶುರುವಾಯಿತು. ಅಂಚಿನ ಬಿಳಿ ಗೆರೆ ಸ್ಪಷ್ಟವಾದಷ್ಟೂ ಕಾರಿನ ಹಟ ಹೆಚ್ಚಾಯಿತು. ಜೀವಮಾನದಲ್ಲಿ ಮೊದಲ ಸಲ ಓತಾಕರ್ ಕಾಡಿನ ಕಡೆ ಕಣ್ಣೆತ್ತದೆ, ಬೆವರು ಸುರಿಸಿಕೊಂಡು, ರಸ್ತೆಯನ್ನೇ ನುಂಗುವವನ ಹಾಗೆ ನೋಡುತ್ತ ಓಡಿಸುತ್ತಿದ್ದ. ಆದರೂ ಆ ಹಳೆಯ ಚರಂಡಿಯ ತಿರುವಿನಲ್ಲಿ ಕಾರು ಅವನ ಕೈ ಮೀರಿ ಹೊರಳಿತು. ಅವನು ಬ್ರೇಕ್ ಒತ್ತಿದ. ಮುಂದಿನ ಚಕ್ರ ತುರಿಕೆಸೊಪ್ಪಿನ ಅಂಚಿಗೆ ಬಂದು ನಿಂತಿತು.

ಓತಾಕರ್ ಈ ಸಲ ಮೊದಲು ಪಕ್ಕಕ್ಕೆ ತಿರುಗಿದ.

"ನಿನಗೇನೂ ಆಗಿಲ್ಲ ತಾನೇ?"

"ಇಲ್ಲ," ಅಂದಳು. "ಇದ್ಯಾಕೆ ಹೀಗೆ ಎಳೀತು?"

ಅವನು ಯೋಚಿಸಿದ. ಬೀರುವಿನ ಬಾಗಿಲು, ಗೋಡೆ, ಮೊಳೆ. ಆ ಮೊಳೆ ಗೋಡೆಯ ನಡುವಿಗಿಲ್ಲ, ಬಲಕ್ಕಿದೆ ಎಂಬುದು ಈಗ ನೆನಪಾಯಿತು.

"ಹಲಗೆ ಮೊಳೆಗೆ ನೇತುಹಾಕಿದ್ದೆ. ಮೊಳೆ ಬಲಕ್ಕಿತ್ತು."

"ಯಾವ ಮೊಳೆ?"

ಓತಾಕರ್ ಗಂಟಲು ಸರಿಮಾಡಿಕೊಂಡ. "ಅಣಬೆ ಬುಟ್ಟಿ ಮೊಳೆ."

ಬ್ಲಾಂಕಾ ತುಟಿ ಕಚ್ಚಿ ನೋಡಿದಳು, ತಡೆಯಲಾಗಲಿಲ್ಲ. ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಚಳಿಗಾಲವೆಲ್ಲ ಕೂತು ಇದನ್ನೂ ನಿನ್ನ ಹಾಗೇ ಮಾಡಿದ್ದೀಯಲ್ಲೋ! ಒಬ್ಬ ಓತಾನ ಜೊತೆ ಏಗೋದೇ ಸಾಕಾಗಿತ್ತು!"

ಅವನೂ ನಕ್ಕ, ನಗುತ್ತಲೇ ಅವನಿಗೆ ಅಳು ಬಂದಂತಾಯಿತು. "ಅವತ್ತು ಮೊದಲು ನಿನ್ನ ಹತ್ರ ಬರಬೇಕಾಗಿತ್ತು ಕಣೇ," ಅಂದ. "ನೀನಿಲ್ಲದೆ ಈ ಕಾರಲ್ಲಿ ಕೂರಕ್ಕೇ ಆಗಲ್ಲ."

ಅವಳು ಕಣ್ಣೊರೆಸಿಕೊಂಡು ಇಳಿದಳು. ಬಸ್ ನಿಲ್ದಾಣಕ್ಕೆ ಹೊರಟಳೆಂದು ಅವನು ಸ್ಟೀರಿಂಗಿಗೆ ಹಣೆಯಿಟ್ಟ. ಆದರೆ ಅವಳು ಕಾರನ್ನು ಸುತ್ತಿ ಬಂದು ಅವನ ಬಾಗಿಲು ತೆಗೆದಳು.

"ಇಳಿ."

"ನೀನು ಓಡಿಸ್ತೀಯಾ?"

"ಲೈಸೆನ್ಸ್ ನಿನಗಿಂತ ಮೊದಲು ತಗೊಂಡಿದ್ದು ನಾನು. ಕೇಳಿದೋರು ಯಾರು? ಆ ಕಡೆ ಹೋಗಿ ಕೂತ್ಕೋ."

ಅವಳು ಸೀಟು ಮುಂದಕ್ಕೆ ಎಳೆದು, ಕನ್ನಡಿ ತಿರುಗಿಸಿ, ಕೂಗುವುದನ್ನೂ ಎಳೆಯುವುದನ್ನೂ ಆರಿಸುವ ಗುಂಡಿ ಯಾವುದೆಂದು ಕೇಳಿ ಒತ್ತಿದಳು. ಕಾರು ತೆಪ್ಪಗಾಯಿತು, ಕೈಗೆ ಸಿಕ್ಕ ಹಸುವಿನ ಹಾಗೆ ಹೇಳಿದ ಕಡೆ ಹೊರಟಿತು. ಕೂಗುವ ಕೆಲಸವನ್ನು ಓತಾಕರ್ ವಹಿಸಿಕೊಂಡ.

"ಗೇರು... ಗೇರು ಬದಲಾಯಿಸು. ಮುಂದೆ ಟ್ರ್ಯಾಕ್ಟರ್. ಬ್ಲಾಂಕಾ, ಟ್ರ್ಯಾಕ್ಟರ್!"

"ನಿನ್ನ ಆರಿಸೋ ಗುಂಡಿ ಎಲ್ಲಿದೆಯೋ?"

ಅವನು ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದ. ತಿರುಗಿದವನು ಹಾಗೇ ಕೂತುಬಿಟ್ಟ. ಇಷ್ಟು ವರ್ಷ ಆ ಕಾರಿನ ಎಡಗಡೆ ಸ್ಟೀರಿಂಗ್ ಹಿಡಿದು ಕತ್ತು ಚಾಚಿ ನೋಡಿದವನಿಗೆ ಈಗ ಬಲಗಡೆ, ಮೊಣಕೈ ಅಳತೆಯಲ್ಲಿ, ಇಡೀ ಕಾಡಿನ ನೆಲ ಸರಿದುಹೋಗುತ್ತಿತ್ತು. ಪಾಚಿ, ಬೇರು, ಒಣ ಎಲೆ, ಒಂದೊಂದೂ ಎಣಿಸುವ ಹಾಗೆ.

"ಇಲ್ಲಿಂದ ಎಲ್ಲ ಕಾಣುತ್ತಲ್ಲೇ!"

"ಹ್ಞೂ."

"ನೀನು ಮಧ್ಯಾಹ್ನ ಕಾಲಾಡಿಸಿಕೊಂಡು ಬರ್ತೀನಿ ಅಂತ ಹೋಗ್ತಿದ್ದದ್ದು..." ಅವನು ಅವಳ ಕಡೆ ತಿರುಗಿದ. "ಬ್ಲಾಂಕಾ, ನಿನ್ನ ಜಾಗ!"

"ನೀನು ಕೂತಿರೋದೇ," ಅಂದಳು. "ಬರ್ತಾ ನೋಡಿಟ್ಕೊಳ್ಳೋದು, ಆಮೇಲೆ ನಡ್ಕೊಂಡು ಬಂದು ಕೊಯ್ಕೊಳ್ಳೋದು."

"ಇಷ್ಟು ವರ್ಷ ಕಂಡಿದ್ದನ್ನ ಒಂದು ಸಲ ಬಾಯಿಬಿಟ್ಟು ಹೇಳಲಿಲ್ಲವಲ್ಲೇ!"

"ಹೇಳಿದ್ರೆ ನೀನು ತಿರುಗಿ ನೋಡ್ತಿದ್ದೆ. ಓಡಿಸ್ತಿದ್ದೋನು ನೀನಲ್ವಾ?"

ತಾನು ಚಳಿಗಾಲವಿಡೀ ಬೆನ್ನು ಮುರಿದುಕೊಂಡು ಕೂರಿಸಲು ಹೊರಟದ್ದು ಇಷ್ಟು ವರ್ಷ ಈ ಸೀಟಿನಲ್ಲೇ ಬಾಯಿ ಮುಚ್ಚಿ ಕೂತಿತ್ತಲ್ಲ ಎಂದು ಓತಾಕರ್ ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಮುಖವನ್ನೇ ನೋಡಿಕೊಂಡ. ಮೆಚ್ಚುವಂಥ ಮುಖವೇನಾಗಿರಲಿಲ್ಲ.

ಆಗ ಕಂಡಿತು. ಬಾಗಿದ ಬರ್ಚ್ ಮರ, ಅದರ ಬುಡದಲ್ಲಿ ಒಂದು ಬಿಳಿ ಕಲ್ಲು, ಕಲ್ಲಿನ ಪಕ್ಕ ಹ್ರಿಬ್. ಒಂದಲ್ಲ, ಒಂದು ಸಂಸಾರವೇ. ಅವನ ಬಾಯಿ ತಾನಾಗಿ ತೆರೆಯಿತು. ಎದುರಿನಿಂದ ಮರದ ದಿಮ್ಮಿ ತುಂಬಿದ ಲಾರಿ ಬರುತ್ತಿತ್ತು. ಬ್ಲಾಂಕಾ ನಾಲಿಗೆಯ ತುದಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ರಸ್ತೆಯನ್ನೇ ನೋಡುತ್ತಿದ್ದಳು.

"ಏನಾದ್ರೂ ಕಾಣಿಸ್ತಾ?" ಎಂದು ಕೇಳಿದಳು.

ಬರ್ಚ್ ಮರ, ಬಿಳಿ ಕಲ್ಲು ಎಂದು ಅವನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡ.

"ಏನೂ ಇಲ್ಲ," ಅಂದ ಓತಾಕರ್. "ನೀನು ರಸ್ತೆ ನೋಡು."