ನೀಲಿ ಪಕ್ಷದ ಪದ್ಮನಾಭ

ಗೋವಿಂದರಾಜನಗರದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಪದ್ಮನಾಭನಿಗೆ ಉಳಿದಿದ್ದ ಬಂಡವಾಳವೆಂದರೆ ಅವನ ಮಾತೊಂದೇ. ಸಾಮಾನನ್ನೆಲ್ಲ ಜನ ಮೊಬೈಲಿನಲ್ಲೇ ತರಿಸಿಕೊಳ್ಳುತ್ತಿದ್ದರು. ಆದರೂ ಕೊಳ್ಳುವ ಮೊದಲು ಅವನ ಅಂಗಡಿ ಮೆಟ್ಟಿಲು ಹತ್ತಿ, “ಯಾವ ಪ್ರೊಸೆಸರ್ ಹಾಕಿಸ್ಲಿ ಸಾರ್?” ಎಂದು ಕೇಳುವವರು ಇನ್ನೂ ಇದ್ದರು. ಕೇಳಿದ ಸಂಕೋಚಕ್ಕೆ ಅವನಿಂದಲೇ ಜೋಡಣೆ ಮಾಡಿಸಿಕೊಂಡು ಹೋಗುತ್ತಿದ್ದರು. ಮನೆ ನಡೆಯುತ್ತಿದ್ದುದು ಈ ಸಂಕೋಚದ ಮೇಲೆ.

ಅವನ ಉತ್ತರ ಹರೆಯದಿಂದಲೂ ಒಂದೇ: ನೀಲಿ ಡಬ್ಬದ ಕಂಪನಿಯದು ಹಾಕಿಸಿ. ಅದರ ಎದುರಾಳಿ ಕಂಪನಿಯ ಕೆಂಪು ಡಬ್ಬದ್ದು ಹ್ಯಾಂಗ್ ಆಗುತ್ತದೆ. ಇದನ್ನು ಅವನು ಜಾತಕ ನೋಡುವವರ ಗಾಂಭೀರ್ಯದಲ್ಲಿ ಹೇಳುತ್ತಿದ್ದ. “ನನ್ನ ನೋಡೋಕೆ ಬಂದಾಗ್ಲೂ ಇಷ್ಟು ಗಟ್ಟಿಯಾಗಿ ಹೂಂ ಅಂದಿರ್ಲಿಲ್ಲ ಕಣ್ರೀ ನೀವು” ಎನ್ನುತ್ತಿದ್ದಳು ಹೆಂಡತಿ ವರಲಕ್ಷ್ಮಿ.

ಮಾರೇನಹಳ್ಳಿಯ ಬಿಂದುಶ್ರೀ ಬ್ಯಾನರ್ ಡಿಸೈನ್ ಮಾಡುವವಳು. ಅವಳ ಹಳೆಯ ಕಂಪ್ಯೂಟರ್ ಶ್ರದ್ಧಾಂಜಲಿ ಬ್ಯಾನರೊಂದರ ಮಧ್ಯೆ ಕೈಕೊಟ್ಟು, ಸತ್ತವರ ಮನೆಯವರು ಬೈದು ಹೋಗಿದ್ದರು. ಹೊಸದೊಂದನ್ನು ಜೋಡಿಸಿಕೊಳ್ಳಬೇಕೆಂದು ಅವಳು ಅಂಗಡಿಗೆ ಬಂದಳು.

“ಈಗ ಕೆಂಪೇ ಚೆನ್ನಾಗಿದೆ ಅಂತಾರಲ್ಲ ಅಂಕಲ್? ಬಾಯಲ್ಲಿ ಹೇಳ್ಬೇಡಿ, ಎರಡನ್ನೂ ಪಕ್ಕಪಕ್ಕ ಓಡಿಸಿ ತೋರ್ಸಿ. ಮಿಕ್ಕ ಸಾಮಾನು ಎರಡಕ್ಕೂ ಒಂದೇ ಥರದ್ದು ಹಾಕಿ ಮತ್ತೆ.”

“ಹಾಕ್ದೆ ಇನ್ನೇನಮ್ಮ. ಕೆಂಪ್ದು ಕಾಫಿ ಆರೋದ್ರೊಳಗೆ ಮಲಗುತ್ತೆ, ನೋಡ್ತಿರು.”

ನೀಲಿಯದನ್ನು ಜೋಡಿಸಿ ಮುಗಿಸಿದ. ಕೆಂಪಿಗೆ ಹಾಕಲು, ಕರೆಂಟು ಒದಗಿಸುವ ಪವರ್ ಸಪ್ಲೈ ಪೆಟ್ಟಿಗೆ ತೆಗೆದುಕೊಳ್ಳಹೋದಾಗ ಅವನ ಕೈ ತಾನಾಗಿಯೇ ಕೆಳಗಿನ ಕಪಾಟಿಗೆ ಹೋಯಿತು. ಅಲ್ಲಿದ್ದುದು ಹೆಸರಿಲ್ಲದ ಅಗ್ಗದ ಸರಕು. ಪದ್ಮನಾಭ ಬಗ್ಗಿದವನು ಬಗ್ಗಿದಂತೆಯೇ ಉಳಿದ. ಕೆಂಪು ಕೇಳುವವರು ಚೌಕಾಸಿಯವರು. ಅವರಿಗೆ ಮಿಕ್ಕಿದ್ದನ್ನೆಲ್ಲ ಅಗ್ಗದ್ದೇ ಹಾಕುವುದು ಅವನ ರೂಢಿ. ಮೋಸವೇನಲ್ಲ, ಅವರ ಕಿಸೆಗೆ ತಕ್ಕಂತೆ. ಆ ಕಂಪ್ಯೂಟರುಗಳು ಕೆಟ್ಟಾಗಲೆಲ್ಲ ಅವನು ಪ್ರೊಸೆಸರನ್ನು ಬೈದಿದ್ದ, ಬಲು ಪ್ರಾಮಾಣಿಕವಾಗಿ.

ಮೇಲಿನ ಕಪಾಟಿನಿಂದ ಒಳ್ಳೆಯದನ್ನೇ ತೆಗೆದು ಹಾಕಿದ.

ಪರೀಕ್ಷೆಗೆಂದು ಬಿಂದುಶ್ರೀ ಕೊಟ್ಟುಹೋಗಿದ್ದ ದಿವಂಗತ ದೊಡ್ಡಣ್ಣನವರ ಬ್ಯಾನರ್ ಎರಡೂ ಪರದೆಗಳಲ್ಲಿ ವಾರವಿಡೀ ತೆರೆದು, ಮುಚ್ಚಿ, ಮತ್ತೆ ತೆರೆಯಿತು. ದಾರಿಯಲ್ಲಿ ಹೋಗುವವರು ಅಂಗಡಿಗೆ ಕೈಮುಗಿಯತೊಡಗಿದರು. ಪದ್ಮನಾಭ ಕೆಂಪಿನ ಮುಂದೆ ಸ್ಟೂಲ್ ಹಾಕಿಕೊಂಡು, ಐಸಿಯು ಹೊರಗೆ ಕಾಯುವವರ ಹಾಗೆ ಕೂತ. ವ್ಯತ್ಯಾಸವೆಂದರೆ, ಇವನು ಹೋಗಲಿ ಎಂದು ಕಾಯುತ್ತಿದ್ದ. ಅದು ಹೋಗಲಿಲ್ಲ. ನೀಲಿಯೂ ಹೋಗಲಿಲ್ಲ.

“ಊಟಕ್ಕೆ ಬರ್ತೀರಾ, ಇಲ್ಲ ಆ ದೊಡ್ಡಣ್ಣನವ್ರ ವೈಕುಂಠ ಸಮಾರಾಧನೆ ಮುಗಿಸ್ಕೊಂಡೇ ಬರ್ತೀರಾ?” ವರಲಕ್ಷ್ಮಿ ಫೋನಿನಲ್ಲಿ ರೇಗಿಸಿದಳು.

ಬಿಂದುಶ್ರೀ ಬಂದಳು. “ಏನಂಕಲ್, ಯಾವ್ದು ಮಲಗ್ತು?”

ಕೆಂಪು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

“ಯಾವ್ದೂ ಇಲ್ಲಮ್ಮ. ಮಿಕ್ಕ ಸಾಮಾನು ಒಳ್ಳೇದಿದ್ರೆ ಎರಡೂ ಓಡುತ್ತೆ. ಇಷ್ಟು ವರ್ಷ ನಾನು ಹೇಳ್ತಿದ್ದಿದ್ದು ತಪ್ಪು.”

ಅವಳ ಮುಖ ಅರಳಿತು. “ಅಯ್ಯೋ, ಅಷ್ಟೇನಾ! ದೊಡ್ಡ ತಲೆನೋವು ಹೋಯ್ತು ಅಂಕಲ್. ಹಂಗಿದ್ರೆ ಆನ್‌ಲೈನಲ್ಲಿ ಯಾವ್ದು ಆಫರ್‌ನಲ್ಲಿದ್ಯೋ ಅದನ್ನೇ ರೆಡಿಯಾಗಿ ತರಿಸ್ಕೊಂಡ್ಬಿಡ್ತೀನಿ.”

ಒಳ್ಳೆಯ ಹುಡುಗಿ, ಉಪಕಾರ ಮರೆಯುವವಳಲ್ಲ. ಯಾವುದಾದರೂ ಆಗುತ್ತದೆಂದು ಪದ್ಮನಾಭ ಅಂಕಲ್ಲೇ ಪರೀಕ್ಷೆ ಮಾಡಿ ಹೇಳಿದ್ದಾರೆ ಎಂದು ಮಾರೇನಹಳ್ಳಿಯಿಂದ ವಿಜಯನಗರದವರೆಗೆ ತನ್ನ ಪರಿಚಯದವರಿಗೆಲ್ಲ ಸಾರಿದಳು. ಎಲ್ಲರೂ ಅವನ ಮಾತನ್ನು ನಂಬಿದರು. ಆಮೇಲೆ ಕೇಳಲು ಯಾರೂ ಬರಲಿಲ್ಲ.