ಕಾಗದ ಕಾಣದ ಸೆರಗು

1979ರಲ್ಲಿ ನಾನು ಸೇಲಂನ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಸೇಲಂ, ಧರ್ಮಪುರಿ ಎರಡೂ ಜಿಲ್ಲೆ ಸೇರಿದರೂ ನಮ್ಮ ಯಂತ್ರಗಳು ಬೆರಳೆಣಿಕೆಯಷ್ಟು. ಕೆಟ್ಟಾಗ ಬೈಸಿಕೊಳ್ಳಲು ಮಾತ್ರ ನಾನೊಬ್ಬ. ಮೇಜಿನ ಮೇಲಿಡುವ ಅಂಥದೊಂದು ಕಂಪ್ಯೂಟರ್ ಅದಿಯಮಾನ್‌ಕೋಟೆಯ ರೇಷ್ಮೆ ಮಗ್ಗದ ಶೆಡ್ಡಿನಲ್ಲಿತ್ತು. ಸೀರೆಯ ವಿನ್ಯಾಸವನ್ನು ಅದರಲ್ಲಿ ಕೀಲಿ ಒತ್ತಿ ಸೇರಿಸಿ, ಕ್ಯಾಸೆಟ್ಟಿಗೆ ತುಂಬಿ ಸೇಲಂಗೆ ಕಳಿಸಿದರೆ, ಮಗ್ಗಕ್ಕೆ ಬೇಕಾದ ತೂತು ಕೊರೆದ ರಟ್ಟಿನ ಅಟ್ಟೆಗಳು ತಯಾರಾಗುತ್ತಿದ್ದವು.

ಅಲ್ಲಿನ ವಿನ್ಯಾಸಗಾರರು ತಿಮ್ಮಪ್ಪ. ಅವರ ಮನೆತನದ ದೊಡ್ಡ ಸೆರಗನ್ನು ಕಾಗದದ ಮೇಲೆ ಬರೆಯುವಂತಿರಲಿಲ್ಲ. ಬರೆದರೆ ಕಂಡವರ ಪಾಲಾಗುತ್ತದೆ ಎಂದು ಮಾಡಿಕೊಂಡ ಕಟ್ಟುಪಾಡು. ಹಿರಿಯರು ಒಂದೊಂದೇ ಸಾಲಿನ ಎಳೆಗಳನ್ನು ಕೂಗಿ ಹೇಳಬೇಕು, ಕಿರಿಯರು ಮಗ್ಗ ಕಟ್ಟಬೇಕು. ನೇಯ್ದ ಸೀರೆಗಳೆಲ್ಲ ಮಾರಿಹೋಗಿ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಈಗ ಅವರ ಗಂಟಲಲ್ಲಿ ಗಡ್ಡೆಯಾಗಿತ್ತು. ನನಗೆ ಫೋನ್ ಬಂದ ದಿನದ ಮರುದಿನವೇ ಮದ್ರಾಸಿನಲ್ಲಿ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಯಂತ್ರದೊಳಗೆ ಇಟ್ಟದ್ದು ಯಾರ ಕಣ್ಣಿಗೂ ಬೀಳದು ಎಂದು ನಂಬಿ, ಅವರು ಬೆಳಗಿನಿಂದ ಇಡೀ ಸೆರಗನ್ನು ಕೂಗಿ ಹೇಳಿದ್ದರು. ಮಗಳು ಕೆಂಪಮ್ಮ ಒತ್ತಿದ್ದಳು. ಅಷ್ಟು ದೊಡ್ಡ ವಿನ್ಯಾಸಕ್ಕೆ ಜಾಗ ಸಾಲದೆಂದೇ ಹಿಂದಿನ ದಿನ ನಮ್ಮ ಕಂಪನಿಯವನೊಬ್ಬ ಹೆಚ್ಚುವರಿ ಮೆಮೊರಿ ಬೋರ್ಡ್ ಹಾಕಿ ಹೋಗಿದ್ದ. ಈಗ ಒತ್ತಿದ್ದನ್ನು ತುಂಬಲು ಹೋದರೆ ಕ್ಯಾಸೆಟ್ ತಿರುಗುತ್ತಲೇ ಇರಲಿಲ್ಲ.

ಶೆಡ್ಡಿನಿಂದ ಫೋನ್ ಬಂದೊಡನೆ ಹೊರಟೆ. ತೊಪ್ಪೂರು ಘಾಟಿನಲ್ಲಿ ಲಾರಿಯೊಂದು ಅಡ್ಡ ನಿಂತು ಬಸ್ಸು ತಡವಾಯಿತು.

"ಕೊಂಜ ಬೇಗ ನೋಡಿ ಸಾರ್. ಸಾಯಂಕಾಲ ಕರೆಂಟ್ ಓಯ್ತದೆ," ಎಂದಳು ಕೆಂಪಮ್ಮ, ತಮಿಳು ಬೆರೆತ ಕನ್ನಡದಲ್ಲಿ. ನಾನೂ ಕನ್ನಡದಲ್ಲೇ ಉತ್ತರ ಕೊಟ್ಟ ಮೇಲೆ ಸಾರ್ ಹೋಗಿ ಅಣ್ಣ ಬಂತು.

ಮುಚ್ಚಳ ತೆಗೆದು ನೋಡಿದ ಕೂಡಲೇ ತಪ್ಪು ಗೊತ್ತಾಯಿತು. ಕಂಪ್ಯೂಟರಿನಲ್ಲಿ ಪ್ರತಿ ಬೋರ್ಡಿಗೂ ತನ್ನದೇ ವಿಳಾಸ ಇರಬೇಕು. ಹೊಸ ಮೆಮೊರಿಗೂ ಕ್ಯಾಸೆಟ್ ನಡೆಸುವ ಬೋರ್ಡಿಗೂ ಒಂದೇ ವಿಳಾಸ ಬಿದ್ದಿತ್ತು. ಎರಡು ಮನೆಗೆ ಒಂದೇ ನಂಬರು ಕೊಟ್ಟರೆ ಅಂಚೆಯವನು ಏನು ಮಾಡಿಯಾನು? ನಮ್ಮವನು ಮೆಮೊರಿಯನ್ನಷ್ಟೇ ಪರೀಕ್ಷಿಸಿ, ಕ್ಯಾಸೆಟ್ ಮುಟ್ಟದೆ ಜಾಗ ಖಾಲಿ ಮಾಡಿದ್ದ.

ವಿಳಾಸ ಬದಲಿಸುವುದು ಎರಡು ನಿಮಿಷದ ಕೆಲಸ. ಆದರೆ ಅದಕ್ಕೆ ಯಂತ್ರ ಆರಿಸಬೇಕು. ಆರಿಸಿದರೆ ಒತ್ತಿದ್ದೆಲ್ಲ ಅಳಿಸಿಹೋಗುತ್ತದೆ. ಆರಿಸದಿದ್ದರೆ ಸಂಜೆ ಕರೆಂಟೇ ಅಳಿಸುತ್ತದೆ.

"ಇನ್ನೊಂದು ಸಲ ಹೇಳಿಸೋಕಾಗಲ್ವಾ?"

"ಅಪ್ಪನ ಗಂಟ್ಲು ಕಟ್ಟೋಗೈತೆ ಅಣ್ಣ. ಉಸ್ರು ಬಿಟ್ರೆ ಏನೂ ಬರಾಕಿಲ್ಲ."

ಪರದೆಯಲ್ಲಿ ಕಾಣುವುದನ್ನು ಬರೆದುಕೊಳ್ಳುವುದೊಂದೇ ದಾರಿ ಎಂದೆ. ಕೆಂಪಮ್ಮ ಮಂಚದ ಮೇಲಿದ್ದ ತಂದೆಯತ್ತ ನೋಡಿದಳು. ಅವರು ಕಣ್ಣು ಮುಚ್ಚಿ, ಕೊನೆಗೆ ಆಗಲಿ ಎಂದು ತಲೆಯಾಡಿಸಿದರು. ನಾನು "ಎರಡೆತ್ತು, ಮೂರು ಬಿಡು" ಎಂದು ಎಳೆಗಳ ಲೆಕ್ಕ ಓದುತ್ತ ಹೋದೆ, ಅವಳು ಚೌಕದ ಹಾಳೆಯಲ್ಲಿ ಗುರುತು ಹಾಕುತ್ತ ಹೋದಳು. ನಾನು ಸಾಲು ತಪ್ಪಿದರೆ ತಿಮ್ಮಪ್ಪನವರು ಮಂಚ ಕುಟ್ಟುತ್ತಿದ್ದರು. ಸೆರಗು ಅರ್ಧಕ್ಕೆ ಬರುವ ಮೊದಲೇ ಕರೆಂಟ್ ಹೋಯಿತು. ಉಳಿದದ್ದು ಪರದೆಯೊಂದಿಗೇ ಹೋಯಿತು.

ಅಷ್ಟರಲ್ಲಿ ಮದ್ರಾಸಿಗೆ ಕರೆದೊಯ್ಯುವ ಕಾರು ಬಂತು. ತಿಮ್ಮಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುವಾಗ ಅವರ ಬೆರಳುಗಳು ಮಡಚುತ್ತ ಬಿಚ್ಚುತ್ತ ಇದ್ದವು. ನಾನು ಅದನ್ನು ಬರೀ ನಡುಕ ಎಂದುಕೊಂಡೆ. ಕೆಂಪಮ್ಮನಿಗೆ ಅರ್ಥವಾಯಿತು. ಹಾಳೆ ಹಿಡಿದು ಪಕ್ಕದಲ್ಲೇ ಓಡಿದಳು. "ಮೂರೆತ್ತು... ಒಂದ್ ಬಿಡು... ಮೆಲ್ಗೆ ಅಪ್ಪ, ಮೆಲ್ಗೆ..." ಕಾರಿನ ಬಾಗಿಲು ಹಾಕಿದರು. ಅವಳಿಗೆ ಒಳಗೆ ಜಾಗವಿರಲಿಲ್ಲ.

ತಿಮ್ಮಪ್ಪನವರು ಆಪರೇಷನ್ನಿನಿಂದ ಏಳಲಿಲ್ಲ.

ಅಲ್ಲಿಂದಾಚೆ ಯಾವ ಯಂತ್ರದ ಮುಂದೆ ನಿಂತರೂ, ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ: ಇದರೊಳಗೆ ಇರುವುದರ ಪ್ರತಿ ಬೇರೆ ಎಲ್ಲಿದೆ? ನನ್ನ ಕೆಲಸ ಕಲಿಸಿದ ಪಾಠ ಇದೊಂದೇ. ಅದು ಕೆಂಪಮ್ಮನ ಉಪಯೋಗಕ್ಕೆ ಬರಲಿಲ್ಲ.

ಮುಂದೊಮ್ಮೆ ಆ ಶೆಡ್ಡಿಗೆ ಹೋದಾಗ ಕೆಂಪಮ್ಮ ಆ ಹಾಳೆ ನೋಡಿ ನೇಯ್ದ ಸೀರೆ ಬಿಡಿಸಿ ತೋರಿಸಿದಳು. ಸೆರಗಿನ ಬಳ್ಳಿ ಮೇಲೇರಿ, ಒಂದು ಮೊಗ್ಗಿನ ನಡುವೆಯೇ ನಿಂತಿತ್ತು. ಅಲ್ಲಿಂದ ಮುಂದೆ ವಿನ್ಯಾಸವಿಲ್ಲದ ಬರೀ ಬಣ್ಣ. ಉಳಿದದ್ದನ್ನು ಅಂದಾಜಿನ ಮೇಲೆ ತುಂಬಬಹುದಿತ್ತಲ್ಲ ಎಂದೆ.

"ಅಪ್ಪ ಯೋಳಿದ್ದ್ರಲ್ಲಿ ಉಳ್ದಿದ್ದು ಅಲ್ಲಿಗಂಟ ಮಾತ್ರ ಅಣ್ಣ," ಎಂದು ಅವಳು ಸೀರೆ ಮಡಚಿದಳು.